ಹಲ್ಲಕ್ಕ ದೊರೆಯ ಮನೆಯಲ್ಲಿ ಉಂಡದ್ದು

ಅಪ್ಪ ಅಮ್ಮ ಇಟ್ಟ ಹೆಸರೊಂದು ಆಕೆಗೂ ಇತ್ತು. ಮತದಾರರ ಪಟ್ಟಿ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಪೇಟೆಯವರಿಗೆಲ್ಲ ಆಕೆ ಹಲ್ಲಕ್ಕ. ಬಾಯಿ ಬೋಳಾದವರಿಗೆ ಹಲ್ಲು ಕಟ್ಟಿಕೊಡುವುದು ಆಕೆಯ ಕೆಲಸ. ಅಪ್ಪನಿಂದ ಕಲಿತದ್ದು. ಅಪ್ಪನ ಅಂಗಡಿ, ಅಪ್ಪನ ಕುರ್ಚಿ, ಕಾಲಿನಿಂದ ತುಳಿಯುವ ಅಪ್ಪನ ಸಾಣೆಯಂತ್ರ ಎಲ್ಲವೂ ಆಕೆಯ ಪಾಲಿಗೇ ಬಂದಿದ್ದವು.

ಅಂಗಡಿ ಎಂದರೆ ಬೀದಿಗೆ ತೆರೆದುಕೊಂಡ ಒಂದು ಕೋಣೆ, ಅದರ ಹಿಂದೆ ಇನ್ನೊಂದು. ಮುಂದಿನದರಲ್ಲಿ ಕಿಟಕಿಯ ಬೆಳಕಿಗೆ ಮುಖ ಮಾಡಿದ ಕುರ್ಚಿ ಮತ್ತು ಮೂರು ಜನ ಕೂರುವ, ನಾಲ್ಕು ಜನ ಒತ್ತಿಕೊಳ್ಳುವ ಬೆಂಚು. ಹಿಂದಿನದರಲ್ಲಿ ಪ್ಲಾಸ್ಟರ್ ಚೀಲ, ಮೇಣದ ಹಾಳೆಗಳು, ಅರಗಳು, ಗೋಡೆಯುದ್ದಕ್ಕೂ ಮರದ ಹಲಗೆಯ ಮೇಲೆ ಸಾಲಾಗಿ ಕೂತ ಪ್ಲಾಸ್ಟರಿನ ದವಡೆಗಳು. ಒಂದೊಂದಕ್ಕೂ ಚೀಟಿ ಅಂಟಿಸಿತ್ತು: ಅಂಚೆಯವರು, ಕಟುಕ, ದೊಡ್ಡ ನರ್ಸು, ಜಗಳಗಂಟ. ಹಲ್ಲಕ್ಕನಿಗೆ ಮುಖ ನೆನಪಿರುತ್ತಿರಲಿಲ್ಲ. ಬೀದಿಯಲ್ಲಿ ಯಾರಾದರೂ ನಕ್ಕು ಮಾತಾಡಿಸಿದರೆ ಕಣ್ಣು ಕಿರಿದು ಮಾಡಿ ನೋಡುವಳು. ಆತ ಆಕಳಿಸಿದ ಕೂಡಲೇ, "ಓ, ನೀವಾ! ಮನೇಲಿ ಎಲ್ಲ ಚೆನ್ನಾಗಿದಾರಾ?" ಎನ್ನುವಳು.

ಅಂಗಡಿಯ ಮೇಲೆಯೇ ಮನೆ. ಅಲ್ಲಿ ಆಕೆಯ ಯಜಮಾನರು ಮತ್ತು ಅತ್ತೆ. ಯಜಮಾನರು ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು. ಅತ್ತೆಗೆ ಎಂಬತ್ತು ದಾಟಿತ್ತು. ತಾಯಿ ಮಗ ಇಬ್ಬರೂ ಒಳ್ಳೆಯವರೇ. ಒಂದೇ ಒಂದು ವಿಷಯಕ್ಕೆ ಇಪ್ಪತ್ತೆರಡು ವರ್ಷದಿಂದ ಕಿತ್ತಾಡುತ್ತಿದ್ದರು. ಆ ವಿಷಯ ದೊರೆ.

ಇಪ್ಪತ್ತೆರಡು ವರ್ಷದ ಹಿಂದೆ ನದಿ ದಡ ಮೀರಿ ಪೇಟೆಯೊಳಗೆ ನುಗ್ಗಿತ್ತು. ಮೇಷ್ಟ್ರು ಮೂವತ್ತೊಂದು ಮಕ್ಕಳನ್ನು ಕಟ್ಟಿಕೊಂಡು ಶಾಲೆಯ ಮಾಡು ಹತ್ತಿ ಕೂತಿದ್ದರು. ಎರಡನೆಯ ದಿನ ಮಧ್ಯಾಹ್ನ ಅರಮನೆಯ ದೊಡ್ಡ ದೋಣಿ ಆ ಕಡೆಯಿಂದಲೇ ಹಾದುಹೋಯಿತು. ಒಳಗೆ ದೊರೆ, ಅವನ ಅಕ್ಕ, ನಾಲ್ಕು ನಾಯಿಗಳು, ಬೇಕಾದಷ್ಟು ಖಾಲಿ ಜಾಗ. ಮೇಷ್ಟ್ರು ಎದ್ದು ನಿಂತು ತಮ್ಮ ಕಪ್ಪು ಛತ್ರಿಯನ್ನು ರಟ್ಟೆ ಸೋಲುವವರೆಗೂ ಬೀಸಿದರು. ದೋಣಿ ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ಮೀನುಗಾರರು ಬಂದು ಎಲ್ಲರನ್ನೂ ಇಳಿಸಿಕೊಂಡರು. ಮಕ್ಕಳಿಗೆ ನೆಗಡಿ ಬಿಟ್ಟರೆ ಬೇರೇನೂ ಆಗಲಿಲ್ಲ. ಆದರೆ ಸುದ್ದಿ ಊರೂರಿಗೆ ಹಬ್ಬಿತು. ಜನ ರೊಚ್ಚಿಗೆದ್ದರು. ಅದೇ ವರ್ಷ ದೊರೆಯ ಪಟ್ಟ ಹೋಯಿತು, ದೊರೆ ಹೊರದೇಶ ಸೇರಿದ.

"ನನ್ನನ್ನ ನೋಡಿದ, ನೋಡಿ ಮುಖ ತಿರುಗಿಸಿದ," ಎಂದು ಮೇಷ್ಟ್ರು.

"ಕಂಡಿರಲಿಕ್ಕಿಲ್ಲ ಕಣೋ. ನಿನ್ನ ಛತ್ರಿ ಚಿಕ್ಕದು," ಎಂದು ಅತ್ತೆ.

ಅತ್ತೆಯ ಪಕ್ಷಕ್ಕೆ ಬೇರೆ ಆಧಾರವೇ ಇತ್ತು. ಆಕೆ ಹರೆಯದವಳಾಗಿದ್ದಾಗ ಒಂದು ದಿನ ಬೀದಿಯಲ್ಲಿ ಕೈಚೀಲ ಹರಿದು ನಿಂಬೆಹಣ್ಣುಗಳು ಚೆಲ್ಲಾಪಿಲ್ಲಿಯಾಗಿದ್ದವಂತೆ. ಆಗಿನ್ನೂ ಹುಡುಗನಾಗಿದ್ದ ಯುವರಾಜ ಕಾರಿನಿಂದ ಇಳಿದು ಬಂದು ಒಂದು ನಿಂಬೆಹಣ್ಣು ಎತ್ತಿ ಕೊಟ್ಟನಂತೆ. "ಮಿಕ್ಕವನ್ನ ಯಾರು ಎತ್ತಿದರು?" ಎಂದು ಮೇಷ್ಟ್ರು ಪ್ರತಿಸಲ ಕೇಳುವರು. "ಮಿಕ್ಕವನ್ನ ನಾನೇ ಎತ್ತಿಕೊಂಡೆ. ಅದಕ್ಕೇನೀಗ?" ಎಂದು ಅತ್ತೆ ಪ್ರತಿಸಲ ಉತ್ತರ ಕೊಡುವರು.

ಇಬ್ಬರ ನಡುವೆ ಹಲ್ಲಕ್ಕ ತುಟಿ ಹೊಲಿದುಕೊಂಡು ಬದುಕಿದ್ದಳು. ಯಾರ ಪಕ್ಷ ವಹಿಸಿದರೂ ಇನ್ನೊಬ್ಬರು ಊಟ ಬಿಡುತ್ತಿದ್ದರು.

ಹೀಗಿರುವಾಗ ಸರ್ಕಾರ ದೊರೆಗೆ ಮರಳಿ ಬರಲು ಅನುಮತಿ ಕೊಟ್ಟಿತು. ಪಟ್ಟವಿಲ್ಲ, ಅಧಿಕಾರವಿಲ್ಲ, ಬೆಟ್ಟದ ಮೇಲಿನ ಹಳೆಯ ಬಂಗಲೆಯಲ್ಲಿ ಸುಮ್ಮನೆ ಇರಬಹುದು ಎಂದು. ಪೇಟೆ ಎರಡು ಭಾಗವಾಯಿತು. ಕ್ಷೌರದಂಗಡಿಯಲ್ಲಿ ಒಂದು ಕುರ್ಚಿ ದೊರೆಯ ಕಡೆಯವರಿಗೆ, ಇನ್ನೊಂದು ವಿರೋಧಿಗಳಿಗೆ ಎಂದಾಯಿತು. ದೊರೆ ತನ್ನ ಆತ್ಮಕಥೆ ಬರೆಸುತ್ತಿದ್ದಾನೆಂದೂ ದೋಣಿಯ ವಿಷಯದಲ್ಲಿ ಎಲ್ಲರ ಬಾಯಿ ಮುಚ್ಚಿಸುತ್ತಾನೆಂದೂ ಸುದ್ದಿ ಹುಟ್ಟಿತು.

ಅಂಥ ಒಂದು ದಿನ ಬೆಟ್ಟದಿಂದ ದೊರೆಯ ಕಾರ್ಯದರ್ಶಿ ಇಳಿದು ಬಂದ. ತೆಳ್ಳಗಿನ, ಪಿಸುಗುಡುವ ಮನುಷ್ಯ. ಬೆಂಚಿನ ಮೇಲಿದ್ದ ಕಟುಕನನ್ನೂ ದೊಡ್ಡ ನರ್ಸನ್ನೂ ಅನುಮಾನದಿಂದ ನೋಡಿ, ಹಲ್ಲಕ್ಕನ ಕಿವಿಯ ಹತ್ತಿರ ಬಾಗಿದ.

"ಪ್ರಭುಗಳಿಗೆ... ಅದು... ಬಾಯಿಯ ವಿಷಯ."

"ಎಷ್ಟು ಉಳಿದಿವೆ?" ಎಂದಳು ಹಲ್ಲಕ್ಕ, ಎಲ್ಲರಿಗೂ ಕೇಳುವಂತೆ.

"ಒಂದೂ ಇಲ್ಲ."

ಕಟುಕ ಮತ್ತು ನರ್ಸು ಮುಖ ಮುಖ ನೋಡಿಕೊಂಡರು. ಊರಿಗೆ ಸುದ್ದಿ ಮುಟ್ಟಲು ಕಾಲು ಗಂಟೆ ಸಾಕಾಯಿತು.

ಮನೆಯಲ್ಲಿ ಆ ದಿನ ಒಲೆಗಿಂತ ಹೆಚ್ಚು ಕಾವು ಮಾತಿನಲ್ಲಿತ್ತು. ಮೇಷ್ಟ್ರು, "ಹೋಗಕೂಡದು. ಗಂಜಿ ಕುಡಿದುಕೊಂಡೇ ಇರಲಿ," ಎಂದರು. ಅತ್ತೆ, "ಮುತ್ತಿನಂಥ ಹಲ್ಲು ಕಟ್ಟಿಕೊಡೇ, ನಮ್ಮ ಮನೆ ಮರ್ಯಾದೆ," ಎಂದರು. ಹಲ್ಲಕ್ಕ ಕೈ ತೊಳೆದುಕೊಂಡು, "ಬೋಳು ಬಾಯಿ ಬೋಳು ಬಾಯೇ. ಹೋಗಿ ಬರ್ತೀನಿ," ಎಂದಳು.

ಬೆಟ್ಟದ ಬಂಗಲೆಯಲ್ಲಿ ದೊರೆ ಕಿಟಕಿಯ ಪಕ್ಕ ಕೂತಿದ್ದ. ಎಪ್ಪತ್ತೈದರ ಹತ್ತಿರದ ಎತ್ತರದ ಆಳು, ಬಿಳಿ ಮೀಸೆ, ಒಳಗೆ ಸರಿದ ತುಟಿ. ಹಲ್ಲಕ್ಕ ಅಚ್ಚು ತೆಗೆದಳು. ಮೇಲಿನ ವಸಡು, ಕೆಳಗಿನ ವಸಡು ಎರಡೂ ಸಲೀಸಾಗಿ ಬಂದವು. ಕಡೆಗೆ ಮೇಣದ ಕಟ್ಟನ್ನು ಬಾಯಲ್ಲಿಟ್ಟು, "ಸುಮ್ಮನೆ ಕಚ್ಚಿ," ಎಂದಳು. ಮೇಲಿನ ದವಡೆಗೆ ಕೆಳಗಿನದು ಎಲ್ಲಿ ಕೂರುತ್ತದೆಂದು ತಿಳಿಯುವುದು ಅಲ್ಲೇ. ದೊರೆ ಬೆನ್ನು ನೆಟ್ಟಗೆ ಮಾಡಿ, ಗದ್ದ ಮುಂದೆ ಚಾಚಿ ಕಚ್ಚಿದ. ಹಳೆಯ ನಾಣ್ಯದ ಮೇಲೆ ಇದ್ದನಲ್ಲ, ಥೇಟ್ ಹಾಗೆ.

"ಸಡಿಲ ಬಿಡಿ," ಎಂದಳು ಹಲ್ಲಕ್ಕ.

"ಇದೇ ನನ್ನ ಸಡಿಲ," ಎಂದ ದೊರೆ, ಮೇಣದೊಳಗಿಂದ.

ಹಲ್ಲಕ್ಕನಿಗೆ ಅನುಮಾನ ಬಂತು. ಆದರೆ ಮೂರು ಸಲ ಕಚ್ಚಿಸಿದರೂ ಮೂರು ಸಲವೂ ನಾಣ್ಯವೇ ಬಂತು. ಹಾಗೇ ಸೆಟ್ಟು ಮಾಡಿದಳು.

ಎರಡು ವಾರ ಕಳೆದು ಸೆಟ್ಟು ತೊಡಿಸಿದ ದಿನ ದೊರೆ ಕನ್ನಡಿಯಲ್ಲಿ ನೋಡಿಕೊಂಡು ಮಗುವಿನಂತೆ ಹಿಗ್ಗಿದ. "ನೀವು ಊಟಕ್ಕೆ ಇಲ್ಲೇ ಇರಬೇಕು," ಎಂದ. "ಹಲ್ಲು ಮಾಡಿದವರ ಎದುರೇ ಹಲ್ಲಿನ ಪರೀಕ್ಷೆ ಆಗಲಿ." ಹಲ್ಲಕ್ಕನಿಗೂ ಅದೇ ಬೇಕಿತ್ತು. ಹೊಸ ಸೆಟ್ಟು ಎಲ್ಲಿ ಒತ್ತುತ್ತದೆಂದು ಊಟದ ಮೊದಲ ಕಾಲು ಗಂಟೆಯಲ್ಲೇ ಗೊತ್ತಾಗುತ್ತದೆ. ಜೊತೆಗೆ, ಮನೆಗೆ ಹೋದರೆ ತೀರ್ಪು ಕೇಳುವ ಇಬ್ಬರು ಬಾಗಿಲಲ್ಲೇ ನಿಂತಿರುತ್ತಾರೆಂದು ಆಕೆಗೆ ಗೊತ್ತಿತ್ತು. ಬರಿಗೈಯಲ್ಲಿ ಹೋಗುವಂತಿರಲಿಲ್ಲ.

ಊಟದ ಕೋಣೆಯಲ್ಲಿ ಇಪ್ಪತ್ತು ಜನರ ಮೇಜು. ಒಂದು ತುದಿಯಲ್ಲಿ ಐದು ತಟ್ಟೆ ಮಾತ್ರ. ದೊರೆಯ ಎಡಕ್ಕೆ ಅವನ ಅಕ್ಕ, ಒಂದು ಕಿವಿ ಪೂರ್ತಿ ಕೇಳದ, ಇನ್ನೊಂದು ಬೇಕಾದಾಗ ಕೇಳುವ ಮುದುಕಿ. ಬಲಕ್ಕೆ ಪೇಟೆಯ ಪತ್ರಿಕೆಯ ಸಂಪಾದಕ, ಸಂದರ್ಶನಕ್ಕೆಂದು ಬಂದವನು. ಕೊನೆಗೆ ಕಾರ್ಯದರ್ಶಿ. ಎದುರಿಗೆ ಹಲ್ಲಕ್ಕ, ಮಡಿಲಲ್ಲಿ ಅರ, ಮೇಣ ತುಂಬಿದ ಕೈಚೀಲ.

ದೊರೆ ಚೆನ್ನಾಗಿ ಮಾತಾಡುತ್ತಿದ್ದ. ಅದನ್ನು ಅಲ್ಲಗಳೆಯುವಂತಿಲ್ಲ. ಪ್ಲಾಸ್ಟರಿಗೆ ನೀರು ಎಷ್ಟು, ಹಲ್ಲಿನ ಬಣ್ಣ ಹೇಗೆ ಆರಿಸುತ್ತೀರಿ ಎಂದೆಲ್ಲ ಕೇಳಿದ, ಉತ್ತರವನ್ನು ನಿಜಕ್ಕೂ ಆಲಿಸಿದ. ಉಪ್ಪಿನ ಬಟ್ಟಲನ್ನು ತಾನೇ ಎದ್ದು ತಂದು ಹಲ್ಲಕ್ಕನ ಮುಂದಿಟ್ಟ. ಅತ್ತೆ ನೋಡಿದ್ದರೆ ಕಣ್ಣೀರು ಹಾಕುತ್ತಿದ್ದರು ಎಂದುಕೊಂಡಳು ಹಲ್ಲಕ್ಕ. ಅಷ್ಟರಲ್ಲಿ ಕೋಳಿಯ ತಟ್ಟೆ ಬಂತು. ದೊರೆ ಎಲ್ಲರಿಗೂ ತಾನೇ ಬಡಿಸಿದ. ಬಡಿಸುತ್ತಾ ಬಡಿಸುತ್ತಾ ಎರಡು ತೊಡೆಗಳೂ ಅವನ ತಟ್ಟೆಗೇ ಹೇಗೆ ಹೋದವೆಂದು ಯಾರಿಗೂ ತಿಳಿಯಲಿಲ್ಲ. ಅಕ್ಕ ಮಾತ್ರ ಫೋರ್ಕು ಚಾಚಿ, ಒಂದು ತೊಡೆಯನ್ನು ಚುಚ್ಚಿ ತನ್ನ ತಟ್ಟೆಗೆ ಎಳೆದುಕೊಂಡಳು. ಇಬ್ಬರೂ ಏನೂ ಆಗಿಲ್ಲವೆಂಬಂತೆ ತಿನ್ನತೊಡಗಿದರು.

ಸೂಪು ಮುಗಿಯುವ ಮುಂಚೆಯೇ ಸಂಪಾದಕ ದೋಣಿಯ ಮಾತು ತೆಗೆದಿದ್ದ. ಆಗ ದೊರೆ, "ನಾನು ಕೊನೆಯ ದೋಣಿಯಲ್ಲಿ ಹೋದೆ. ಅದಕ್ಕೂ ಮುಂಚೆ ಆರು ದೋಣಿ ಜನರನ್ನ ಕಳಿಸಿದ್ದೆ," ಎಂದಿದ್ದ. ಕೋಳಿಯ ಹೊತ್ತಿಗೆ ಸಂಪಾದಕ ಇನ್ನೊಂದು ಸಲ ಕೆದಕಿದ. ಈಗ ದೊರೆ ದನಿ ತಗ್ಗಿಸಿದ. "ನಿಜ ಹೇಳಬೇಕು ಅಂದರೆ ನನಗೆ ಮೈಮೇಲೆ ಪ್ರಜ್ಞೆಯೇ ಇರಲಿಲ್ಲ. ಮೂರು ದಿನದ ಜ್ವರ. ಕಾವಲಿನವರು ನನ್ನನ್ನ ಹೊತ್ತು ದೋಣಿಗೆ ಹಾಕಿದರು."

ಅಕ್ಕನ ಕೇಳುವ ಕಿವಿ ಅದೇ ಕಡೆಗಿತ್ತು. "ಹೋದ ವಾರ ಬೇರೆ ಥರ ಹೇಳಿದ್ದೆಯಲ್ಲೋ!" ಎಂದು ಕೂಗಿದಳು.

"ಅಕ್ಕನಿಗೆ ಸರಿಯಾಗಿ ಕೇಳಿಸೋದಿಲ್ಲ," ಎಂದ ದೊರೆ.

"ಜ್ವರ ಬಂದಿದ್ದು ನಾಯಿಗೆ!" ಎಂದಳು ಅಕ್ಕ.

ಸಂಪಾದಕನ ಪೆನ್ನು ಗಾಳಿಯಲ್ಲಿ ನಿಂತಿತು. ಅಷ್ಟು ಹೊತ್ತಿಗೆ ದೊರೆ ಕೈಯಿಂದ ದವಡೆ ಹಿಡಿದುಕೊಂಡ. ಎಡಗಡೆ, ಕೆಳಗೆ. ಹಲ್ಲಕ್ಕ ಕೋಳಿಯ ಮೊದಲ ತುತ್ತಿನಿಂದಲೂ ಗಮನಿಸುತ್ತಲೇ ಇದ್ದಳು. ಮಾತಾಡುವಾಗ ಹಲ್ಲು ಸರಿಯಾಗಿ ಕೂರುತ್ತಿತ್ತು, ಅಗಿಯುವಾಗ ಕಟಕಟ ಎನ್ನುತ್ತಿತ್ತು. "ಬನ್ನಿ, ಒಂಚೂರು ಉಜ್ಜಿಕೊಡ್ತೀನಿ," ಎಂದು ಎದ್ದಳು.

ಪಕ್ಕದಲ್ಲಿ ಪಾತ್ರೆ ಇಡುವ ಸಣ್ಣ ಕೋಣೆಯಿತ್ತು. ಕೈತೊಳೆಯುವ ತೊಟ್ಟಿ, ಎತ್ತರದ ಕಿಟಕಿ, ಮೂರು ಕಾಲಿನ ಸ್ಟೂಲು. ದೊರೆ ಸ್ಟೂಲಿನ ಮೇಲೆ ಕೂತು ಸೆಟ್ಟು ತೆಗೆದು ಆಕೆಯ ಕೈಗಿಟ್ಟ. ಕೂಡಲೇ ಮುಖ ಅರ್ಧವಾಯಿತು. ಹಲ್ಲಕ್ಕ ಕಿಟಕಿಗೆ ತಿರುಗಿ ಅರ ಹಿಡಿದಳು. ಅರೆಯುವ ಸದ್ದಿನ ನಡುವೆ ಹಿಂದಿನಿಂದ ದನಿ ಬಂತು.

"ತಾಯಿ, ನಿಮಗೆ ಹತ್ಯ ಹೇಳ್ತೀನಿ."

ಯಾರನ್ನು ಕೊಂದನಪ್ಪಾ ಇವನು ಎಂದುಕೊಂಡಳು ಹಲ್ಲಕ್ಕ. ಆಮೇಲೆ ಹೊಳೆಯಿತು. ಹಲ್ಲಿಲ್ಲದ ಬಾಯಲ್ಲಿ ಸಕಾರ ನಿಲ್ಲುವುದಿಲ್ಲ. ಹೇಳಹೊರಟದ್ದು ಸತ್ಯ. ಅಂಥ ಬಾಯಿಗಳ ಭಾಷೆ ಆಕೆಗೆ ತಾಯ್ನುಡಿಯಷ್ಟೇ ಸಲೀಸು. ಆದ್ದರಿಂದ ದೊರೆ ಆಡಿದ್ದನ್ನು ಇಲ್ಲಿ ಹಲ್ಲಿದ್ದವರ ಮಾತಿನಂತೆಯೇ ಬರೆಯಬಹುದು.

"ಅಲ್ಲಿ ಹೇಳಿದ್ದೆಲ್ಲ ಸುಳ್ಳು," ಎಂದ. "ಆರು ದೋಣಿ ಇರಲಿಲ್ಲ. ಜ್ವರವೂ ಇರಲಿಲ್ಲ. ನನಗೆ ನೀರು ಅಂದರೆ ಭಯ. ಚಿಕ್ಕಂದಿನಿಂದ. ಸ್ನಾನದ ತೊಟ್ಟಿಯಲ್ಲೂ ಮೊಣಕಾಲಿನ ಮೇಲೆ ನೀರು ಬಂದರೆ ಕೈಕಾಲು ನಡುಗುತ್ತೆ. ಯಾರಿಗೂ ಹೇಳಿಲ್ಲ. ದೊರೆ ಆದವನು ಹೇಳೋದು ಹೇಗೆ?"

ಹಲ್ಲಕ್ಕ ಅರೆಯುವುದನ್ನು ನಿಲ್ಲಿಸಲಿಲ್ಲ. ಕುರ್ಚಿಯಲ್ಲಿ ಕೂತವರು ಮಾತಾಡಲು ಶುರು ಮಾಡಿದರೆ ಕೈ ನಿಲ್ಲಿಸಬಾರದು, ನಿಲ್ಲಿಸಿದರೆ ಅವರೂ ನಿಲ್ಲಿಸುತ್ತಾರೆ ಎಂಬುದು ಅಪ್ಪ ಕಲಿಸಿದ ಪಾಠ.

"ಶಾಲೆಯ ಮಾಡಿನ ಮೇಲೆ ಜನ ಇದ್ದರು," ಎಂದ ದೊರೆ. "ಮಕ್ಕಳು. ಒಬ್ಬ ಮನುಷ್ಯ ಕಪ್ಪು ಛತ್ರಿ ಬೀಸುತ್ತಿದ್ದ. ದೋಣಿಯವನು 'ನಿಲ್ಲಿಸಲಾ?' ಅಂದ. ನಿಲ್ಲಿಸಿದರೆ ದೋಣಿ ಅಲ್ಲಾಡುತ್ತೆ ಅಂತ ನನಗೆ ಅನಿಸಿತು. ಅಷ್ಟೇ. ಬೇಡ ಅಂತ ತಲೆ ಅಲ್ಲಾಡಿಸಿದೆ. ಆಮೇಲೆ ನಾಯಿಯ ಕಡೆ ಮುಖ ತಿರುಗಿಸಿದೆ."

ಈಗ ಹಲ್ಲಕ್ಕನ ಅರ ತಾನಾಗಿಯೇ ನಿಂತಿತು. ಆಕೆಗೆ ಸಿಟ್ಟು ಬಂತು. ಎಂಥ ಸಿಟ್ಟೆಂದರೆ, ಕೈಯಲ್ಲಿದ್ದ ಸೆಟ್ಟನ್ನು ಕಿಟಕಿಯಿಂದಾಚೆ ಎಸೆದುಬಿಡೋಣವೆನಿಸಿತು. ಅದು ಎರಡು ವಾರದ ಕೆಲಸವಾದ್ದರಿಂದ ಎಸೆಯಲಿಲ್ಲ.

"ಆ ಛತ್ರಿ ಬೀಸಿದವರು ನನ್ನ ಯಜಮಾನರು," ಎಂದಳು.

ದೊರೆ ಸ್ಟೂಲಿನ ಮೇಲೆ ಕುಗ್ಗಿ ಕೂತ. ತೊಟ್ಟಿಯ ನಲ್ಲಿ ತೊಟ್ಟಿಕ್ಕುತ್ತಿತ್ತು. "ಮಕ್ಕಳು?" ಎಂದ. "ಎಲ್ಲರೂ ಉಳಿದರಾ?"

"ಇಪ್ಪತ್ತೆರಡು ವರ್ಷ ಆಯಿತು. ಯಾರನ್ನಾದರೂ ಕೇಳಿದ್ದರೆ ಹೇಳುತ್ತಿದ್ದರು."

"ಕೇಳೋಕೂ ಭಯ."

"ಎಲ್ಲರೂ ಉಳಿದರು. ಮೂವತ್ತೊಂದಕ್ಕೆ ಮೂವತ್ತೊಂದು. ಒಬ್ಬಳು ಈಗ ಡಾಕ್ಟರು. ಒಬ್ಬ ನಿಮ್ಮ ಬಂಗಲೆಗೆ ಬಣ್ಣ ಬಳಿದವನೇ."

ದೊರೆ ಅತ್ತ. ನೋಡಲು ಚೆನ್ನಾಗಿರಲಿಲ್ಲ. ಹಲ್ಲಿಲ್ಲದ ಬಾಯಿ ಅಳುವಾಗ ಎಲ್ಲ ಕಡೆಗೂ ಮಡಚಿಕೊಳ್ಳುತ್ತದೆ. ಹಲ್ಲಕ್ಕ ಕೈ ಒರೆಸುವ ಬಟ್ಟೆ ಕೊಟ್ಟು ಕಾದಳು. ಕಾಯುತ್ತಾ ಆ ಮುಖ ನೋಡುತ್ತಿದ್ದಂತೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಮೂಗು ಒರೆಸಿಕೊಂಡು, ನಿಟ್ಟುಸಿರು ಬಿಟ್ಟು, ಸೋತು ಕೂತವನ ಕೆಳದವಡೆ ಅರ್ಧ ಬೆರಳಿನಷ್ಟು ಹಿಂದಕ್ಕೆ ಸರಿದಿತ್ತು. ನಾಣ್ಯದ ಗದ್ದ ಮಾಯವಾಗಿತ್ತು.

ಅಯ್ಯೋ ನನ್ನ ಬುದ್ಧಿಗಿಷ್ಟು ಎಂದುಕೊಂಡಳು ಹಲ್ಲಕ್ಕ. ಈ ಪುಣ್ಯಾತ್ಮ ಅಳತೆ ಕೊಡುವಾಗಲೆಲ್ಲ ಠೀವಿ ಮಾಡಿದ್ದ. ನಾನು ಠೀವಿಗೆ ತಕ್ಕ ಹಲ್ಲು ಕಟ್ಟಿದ್ದೆ. ಭಾಷಣಕ್ಕೆ ಒಗ್ಗುತ್ತದೆ, ಕೋಳಿಗೆ ಒಗ್ಗುವುದಿಲ್ಲ. ಇನ್ನೆಷ್ಟು ಅರೆದರೂ ಅಷ್ಟೇ.

"ಅಲ್ಲಾಡಬೇಡಿ, ಹಾಗೇ ಕೂತಿರಿ," ಎಂದಳು. ಅಡುಗೆಮನೆಯಿಂದ ಬಿಸಿನೀರು ತಂದು ಮೇಣದ ಪಟ್ಟಿ ಮೆತ್ತಗೆ ಮಾಡಿ, ಕೆಳಗಿನ ಹಲ್ಲುಗಳ ಮೇಲೆ ಹೊದಿಸಿ ಸೆಟ್ಟನ್ನು ಬಾಯಿಗಿಟ್ಟಳು. "ನಾಲಿಗೆ ತುದಿ ಅಂಗುಳಕ್ಕೆ ಹಚ್ಚಿ. ಈಗ ಉಗುಳು ನುಂಗಿ. ಮೆಲ್ಲಗೆ ಬಾಯಿ ಮುಚ್ಚಿ." ದೊರೆ ಹೇಳಿದಂತೆ ಮಾಡಿದ. ಮೇಣದ ಮೇಲೆ ನಿಜವಾದ ಕಚ್ಚು ಮೂಡಿತು. ಅದನ್ನು ತಣ್ಣೀರಿಗೆ ಹಾಕಿ ಡಬ್ಬಿಯಲ್ಲಿಟ್ಟುಕೊಂಡಳು.

"ಈ ಸೆಟ್ಟು ಮತ್ತೆ ಮಾಡಬೇಕು," ಎಂದಳು. "ಸದ್ಯ ಇದನ್ನೇ ಹಾಕಿಕೊಂಡು ಊಟ ಮುಗಿಸಿ. ಮೆತ್ತಗಿದ್ದದ್ದನ್ನ ತಿನ್ನಿ."

ಮೇಜಿಗೆ ಮರಳುವಾಗ ಹಲ್ಲಕ್ಕನ ಸಿಟ್ಟು ಮುಕ್ಕಾಲು ಇಳಿದಿತ್ತು. ಇವನು ರಾಕ್ಷಸನಲ್ಲ, ಹೆದರುಪುಕ್ಕಲ ಎಂದು ಮನಸ್ಸಿನಲ್ಲೇ ತೀರ್ಪು ಬರೆಯುತ್ತಿದ್ದಳು. ಅಷ್ಟರಲ್ಲಿ ಸಂಪಾದಕ ಗಂಟಲು ಸರಿಮಾಡಿಕೊಂಡು, "ಪ್ರಭುಗಳೇ, ಜ್ವರ ತಮಗೋ ನಾಯಿಗೋ ಎಂಬುದೊಂದು ಸ್ಪಷ್ಟವಾದರೆ..." ಎಂದ.

ದೊರೆಯ ಬೆನ್ನು ನೆಟ್ಟಗಾಯಿತು. ಗದ್ದ ಮುಂದೆ ಬಂತು. ಹಲ್ಲು ಫಳಫಳ ಹೊಳೆಯಿತು. "ಬರೆದುಕೊಳ್ಳಿ," ಎಂದ. "ಆ ದಿನ ಶಾಲೆಯ ಮಾಡಿನ ಮೇಲಿದ್ದ ಒಂದೊಂದು ಮಗುವೂ ಉಳಿಯಿತು. ಮೂವತ್ತೊಂದು ಮಕ್ಕಳು! ಅವರಲ್ಲಿ ಒಬ್ಬಳು ಈಗ ವೈದ್ಯೆ. ಮೀನುಗಾರರಿಗೆ ಆಜ್ಞೆ ಕೊಟ್ಟು ಕಳಿಸಿದ್ದು ಯಾರು ಅಂತ ಯಾರಾದರೂ ಕೇಳಿದ್ದಾರಾ?"

ಹಲ್ಲಕ್ಕ ಕಣ್ಣು ಬಿಟ್ಟುಕೊಂಡು ನೋಡಿದಳು. ಐದು ನಿಮಿಷದ ಹಿಂದೆ ಅತ್ತ ಕಣ್ಣು ಇನ್ನೂ ಕೆಂಪಗೇ ಇತ್ತು! ನಗು ಬಂತೋ ಸಿಟ್ಟು ಬಂತೋ ಆಕೆಗೇ ತಿಳಿಯಲಿಲ್ಲ. ಎದ್ದು, ಮೇಜು ಸುತ್ತಿ ಬಂದು, ಖಾಲಿ ತಟ್ಟೆಯೊಂದನ್ನು ದೊರೆಯ ಗದ್ದದ ಕೆಳಗೆ ಹಿಡಿದಳು.

"ಬಾಯಿ ತೆರೀರಿ."

"ಈಗಲೇ? ನಾನೊಂದು ಮಾತು..."

"ಒತ್ತಿದ ಕಡೆ ಹುಣ್ಣಾಗುತ್ತೆ. ಆಮೇಲೆ ತಿಂಗಳುಗಟ್ಟಲೆ ಕೋಳಿ ಇಲ್ಲ. ತೆರೀರಿ."

ದೊರೆ ಅವಳ ಮುಖ ನೋಡಿದ. ಅವಳೂ ಅವನನ್ನೇ ನೋಡಿದಳು. ಕೋಳಿಯ ಮಾತೋ ಕಣ್ಣಿನ ಮಾತೋ, ದೊರೆ ಬಾಯಿ ತೆರೆದು ಎರಡೂ ಸೆಟ್ಟು ತೆಗೆದು ತಟ್ಟೆಯ ಮೇಲಿಟ್ಟ. ಹಲ್ಲಕ್ಕ ಅವನ್ನು ಬಟ್ಟೆಯಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿದಳು.

ಸಂಪಾದಕ ಪೆನ್ನು ಹಿಡಿದು ಕಾಯುತ್ತಿದ್ದ. "ಆಜ್ಞೆ ಕೊಟ್ಟದ್ದು...?"

ದೊರೆ ಅಕ್ಕನ ಕಡೆ ನೋಡಿದ. ಅಕ್ಕ ತೊಡೆಯ ಮೂಳೆ ಚೀಪುತ್ತಿದ್ದಳು. "ಹೂಪು ಉಳಿದಿದೆಯಾ?" ಎಂದ ದೊರೆ ಮೆಲ್ಲಗೆ.

ಹೊರಡುವಾಗ ಕಾರ್ಯದರ್ಶಿ ಬಾಗಿಲವರೆಗೆ ಬಂದು, ಸೆಟ್ಟು ಸಿದ್ಧವಾದ ಮೇಲೆ ಒಯ್ಯಲು ಆಳು ಕಳಿಸುತ್ತೇನೆಂದು ಪಿಸುಗುಟ್ಟಿದ. "ಆಳು ಬೇಡ. ಬಾಯಿ ಬರಬೇಕು," ಎಂದಳು ಹಲ್ಲಕ್ಕ. "ಎಲ್ಲರ ಹಾಗೆ ಬೆಂಚಿನ ಮೇಲೆ ಕೂತು ಸರದಿ ಬಂದಾಗ ಕುರ್ಚಿಗೆ ಬರಲಿ."

ಮನೆಯ ಬಾಗಿಲಲ್ಲಿ ನಿರೀಕ್ಷಿಸಿದಂತೆ ಇಬ್ಬರೂ ನಿಂತಿದ್ದರು.

"ಹೇಗಿದಾನೆ?" ಎಂದರು ಮೇಷ್ಟ್ರು.

"ಹೇಗಿದಾರೆ?" ಎಂದರು ಅತ್ತೆ.

"ಕಚ್ಚು ತಪ್ಪಿದೆ, ಮತ್ತೆ ಮಾಡಬೇಕು," ಎಂದಳು ಹಲ್ಲಕ್ಕ. ಅದಕ್ಕಿಂತ ಹೆಚ್ಚು ಒಂದಕ್ಷರ ಹೇಳಲಿಲ್ಲ. ಸ್ಟೂಲಿನ ಮೇಲೆ ಕೂತು ಆಡಿದ ಮಾತನ್ನು ಆಡಿದವನೇ ಹೇಳಬೇಕು, ತಾನಲ್ಲ ಎಂದು ದಾರಿಯುದ್ದಕ್ಕೂ ಯೋಚಿಸಿ ನಿಶ್ಚಯಿಸಿಕೊಂಡಿದ್ದಳು. ಮೇಷ್ಟ್ರು ಎರಡು ದಿನ ಮುಖ ಊದಿಸಿಕೊಂಡರು. ಅತ್ತೆ ಮೂರು ದಿನ.

ಮುಂದಿನ ವಾರ ಬೆಳಿಗ್ಗೆ ಹತ್ತು ಗಂಟೆಗೆ ದೊರೆ ಬಂದ. ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಕಾರಿನಿಂದ ಇಳಿದ. ಬೆಂಚಿನ ಮೇಲೆ ಕಟುಕ, ದೊಡ್ಡ ನರ್ಸು, ಅಂಚೆಯವರು. ಹಲ್ಲಕ್ಕ ತಲೆಯೆತ್ತದೆ, "ಸರಿದು ಜಾಗ ಕೊಡಿ," ಎಂದಳು. ದೊರೆ ಕಟುಕನ ಪಕ್ಕ ಒತ್ತಿಕೊಂಡು ಕೂತ. ಕಟುಕ ದೊರೆಯ ವಿರೋಧಿಗಳಲ್ಲೇ ಜೋರಿನವನು. ಆದರೆ ಪಕ್ಕದಲ್ಲಿ ಬೋಳು ಬಾಯಿಯ ಮುದುಕನೊಬ್ಬ ಮುದುಡಿ ಕೂತದ್ದನ್ನು ನೋಡಿ, "ಮೊದಮೊದಲು ಒತ್ತುತ್ತೆ ಸ್ವಾಮಿ. ಉಪ್ಪುನೀರು ಮುಕ್ಕಳಿಸಿ," ಎಂದ.

ಮೇಲಿನಿಂದ ಮೇಷ್ಟ್ರು ಇಳಿದು ಬಂದದ್ದು ದೊರೆ ಕುರ್ಚಿಯಲ್ಲಿ ಕೂತ ಮೇಲೆ. ಅವನಿಗಿಂತ ಮುಂಚೆ ಸರದಿ ಮುಗಿಸಿಕೊಂಡ ಮೂವರೂ ಬೆಂಚು ಬಿಟ್ಟು ಕದಲಿರಲಿಲ್ಲ. ಹೊಸ ಸೆಟ್ಟು ತೊಡಿಸುವ ಮುಂಚೆ ವಸಡಿನ ಅಳತೆ ಇನ್ನೊಮ್ಮೆ ನೋಡಲು ಹಲ್ಲಕ್ಕ ಬಾಯಿಗೆ ಮೆತ್ತನೆಯ ಅಚ್ಚು ಹಾಕಿ, "ಐದು ನಿಮಿಷ ಬಾಯಿ ತೆರೆಯೋ ಹಾಗಿಲ್ಲ," ಎಂದಿದ್ದಳು. ಮೇಷ್ಟ್ರು ಇಸ್ತ್ರಿಯ ಅಂಗಿ ಹಾಕಿಕೊಂಡಿದ್ದರು. ಹಿಂದೆಯೇ ಅತ್ತೆ, ಮೆಟ್ಟಿಲ ಕಂಬಿ ಹಿಡಿದುಕೊಂಡು.

"ಇಪ್ಪತ್ತೆರಡು ವರ್ಷ," ಎಂದು ಮೇಷ್ಟ್ರು ಶುರು ಮಾಡಿದರು. ಧ್ವನಿ ತರಗತಿಯ ಹಿಂದಿನ ಬೆಂಚಿಗೂ ಕೇಳುವಂತಿತ್ತು. ಮಾಡು ಎಷ್ಟು ಎತ್ತರ, ನೀರು ಎಷ್ಟು ಆಳ, ದೋಣಿ ಎಷ್ಟು ದೂರ, ಅದರಲ್ಲಿ ಎಷ್ಟು ಜಾಗ, ಯಾವ ಮಗು ಎಷ್ಟು ಹೊತ್ತು ಅತ್ತಿತು, ಒಬ್ಬಳು ಹುಡುಗಿ ಹಸಿವಿಗೆ ತನ್ನ ಸ್ಲೇಟಿನ ಚೌಕಟ್ಟು ಕಚ್ಚಿದ್ದು, ಎಲ್ಲವನ್ನೂ ಹೇಳಿದರು. ಐದು ನಿಮಿಷ ಮುಗಿಯಿತು. ಹಲ್ಲಕ್ಕ ಗಡಿಯಾರ ನೋಡಿದಳು, ಕೈಕಟ್ಟಿ ನಿಂತಳು. ಅಚ್ಚು ಕಲ್ಲಾಗುತ್ತಿತ್ತು. ಆಗಲಿ ಎಂದುಕೊಂಡಳು. ಹನ್ನೆರಡು ನಿಮಿಷಕ್ಕೆ ಮೇಷ್ಟ್ರು, "ಇದಕ್ಕೆ ತಮ್ಮ ಉತ್ತರವೇನು?" ಎಂದು ನಿಂತರು. ಸಂಪಾದಕ ಪತ್ರಿಕೆಯಲ್ಲಿ ಹಾಕಿದ್ದ ದೊರೆಯ ಆರು ದೋಣಿಗೂ ಜ್ವರಕ್ಕೂ ಆಜ್ಞೆಗೂ ಅವರ ಹತ್ತಿರ ಪ್ರತ್ಯುತ್ತರ ಸಿದ್ಧವಿತ್ತು.

ಹಲ್ಲಕ್ಕ ಅಚ್ಚು ಕಿತ್ತಳು. ದೊರೆ ನೋವಿಗೆ ಕಣ್ಣು ಮುಚ್ಚಿ ತೆರೆದ. ಬೆಂಚಿನವರನ್ನು ನೋಡಿದ, ಹಲ್ಲಕ್ಕನನ್ನು ನೋಡಿದ. ಆಕೆ ಹೊಸ ಸೆಟ್ಟನ್ನು ಕೈಯಲ್ಲೇ ಹಿಡಿದಿದ್ದಳು, ಕೊಡುವ ಅವಸರ ತೋರಲಿಲ್ಲ.

"ನಾನು ನೋಡಿದ್ದೆ," ಎಂದ ದೊರೆ. "ನಿಮ್ಮ ಛತ್ರಿ ನೋಡಿದ್ದೆ. ನೀರಿಗೆ ಹೆದರಿಕೊಂಡಿದ್ದೆ. ನಿಲ್ಲಿಸಬೇಡ ಅಂತ ನಾನೇ ಹೇಳಿದ್ದು."

ಮೇಷ್ಟ್ರ ಬಾಯಿ ತೆರೆದಿದ್ದು ಹಾಗೇ ಉಳಿಯಿತು. ಈ ಒಂದು ಉತ್ತರಕ್ಕೆ ಮಾತ್ರ ಅವರು ತಯಾರಿ ಮಾಡಿಕೊಂಡಿರಲಿಲ್ಲ. ಮೇಷ್ಟ್ರ ಮುಖದಲ್ಲಿ ಏನೇನೋ ಬಂದು ಹೋಯಿತು. ಕೊನೆಗೆ ಅವರು ಗರಕ್ಕನೆ ಮೆಟ್ಟಿಲ ಕಡೆ ತಿರುಗಿದರು.

"ಅಮ್ಮ! ಕೇಳಿಸಿತಾ? ಛತ್ರಿ ಕಾಣಿಸಿತ್ತಂತೆ!"

"ಕೇಳಿಸಿತಪ್ಪ," ಎಂದರು ಅತ್ತೆ. ಸ್ವಲ್ಪ ಯೋಚಿಸಿ, "ಹಾಗಾದರೆ ದೊಡ್ಡದೇ ಇದ್ದಿರಬೇಕು," ಎಂದರು.

ಕಟುಕ ಮೊದಲು ನಕ್ಕ. ಆಮೇಲೆ ನರ್ಸು. ಮೇಷ್ಟ್ರು ನಗಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಅಂಚೆಯವರ ಪಕ್ಕ ಖಾಲಿಯಿದ್ದ ಜಾಗದಲ್ಲಿ ಕೂತು ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸಿದ್ದನ್ನೇ ಒರೆಸಿದರು. ಅತ್ತೆ ದೊರೆಯ ಹತ್ತಿರ ಹೋಗಿ ನಿಂಬೆಹಣ್ಣಿನ ಪ್ರಸಂಗ ನೆನಪಿಸಿದರು. ದೊರೆಗೆ ನೆನಪಿರಲಿಲ್ಲ. "ನೆನಪಿದೆ ತಾಯಿ, ಚೆನ್ನಾಗಿ ನೆನಪಿದೆ," ಎಂದ. ಈ ಸುಳ್ಳಿಗೆ ಹಲ್ಲಕ್ಕ ಅಡ್ಡ ಬರಲಿಲ್ಲ.

ಹೊಸ ಸೆಟ್ಟು ಚೆನ್ನಾಗಿ ಕೂತಿತು. ಗದ್ದ ಮಾತ್ರ ಒಳಗೆ ಹೋಗಿ, ದೊರೆ ಯಾವುದೋ ಕಚೇರಿಯ ನಿವೃತ್ತ ಗುಮಾಸ್ತನಂತೆ ಕಂಡ.

ಆಮೇಲೆ ಪೇಟೆಯವರು ಹಲ್ಲಕ್ಕನನ್ನು ಹೋದಲ್ಲೆಲ್ಲ ತಡೆದು ಕೇಳಿದರು. ಒಳ್ಳೆಯವನೋ ಕೆಟ್ಟವನೋ, ಒಟ್ಟಿಗೆ ಕೂತು ಉಂಡವಳು ನೀನು, ಹೇಳಿಬಿಡು ಎಂದು.

"ಅವರಿಗೆ ಎರಡು ಭಯ ಇತ್ತು," ಎನ್ನುತ್ತಿದ್ದಳು ಆಕೆ. "ನೀರಿನ ಭಯ, ಭಯ ಇದೆ ಅಂತ ಹೇಳಿಕೊಳ್ಳೋ ಭಯ. ಎರಡನೆಯದು ಒಂದು ದಿನದ ಮಟ್ಟಿಗೆ ವಾಸಿಯಾಯಿತು. ಮತ್ತೆ ಮರುಕಳಿಸಬಹುದು. ಉಪ್ಪು ಎದ್ದು ತಂದುಕೊಡ್ತಾರೆ. ಕೋಳಿ ತೊಡೆ ಮಾತ್ರ ಬಿಟ್ಟುಕೊಡೋದಿಲ್ಲ."

ಜನಕ್ಕೆ ಇದು ಸಾಲಲಿಲ್ಲ. ಹೌದು ಇಲ್ಲ ಎಂಬ ಉತ್ತರಕ್ಕೆ ಕಾದಿದ್ದವರು ಗೊಣಗುತ್ತಾ ಹೋದರು.

ಮರುವರ್ಷ ಆತ್ಮಕಥೆ ಅಚ್ಚಾಗಿ ಬಂತು. ಐನೂರು ಪುಟ. ಹಲ್ಲಕ್ಕ ನೆರೆ ಬಂದ ವರ್ಷವನ್ನು ಹುಡುಕಿದಳು. ಆ ವರ್ಷವೇ ಅದರಲ್ಲಿರಲಿಲ್ಲ. ಒಂದು ಅಧ್ಯಾಯ ಹಿಂದಿನ ವರ್ಷಕ್ಕೆ ಮುಗಿದಿತ್ತು, ಮುಂದಿನದು ಹೊರದೇಶದಲ್ಲಿ ತೆರೆದುಕೊಂಡಿತ್ತು. ಆರು ದೋಣಿಯೂ ಇಲ್ಲ, ಜ್ವರವೂ ಇಲ್ಲ, ಹೆದರಿದ್ದೂ ಇಲ್ಲ. ಹೇಡಿ ಎಂದರು ಮೇಷ್ಟ್ರು. ವಿನಯ ಎಂದರು ಅತ್ತೆ. ಸುಳ್ಳಾದರೂ ಬರೆಯಲಿಲ್ಲವಲ್ಲ, ಆ ಬಾಯಿಗೆ ಅದೇ ದೊಡ್ಡದು ಎಂದುಕೊಂಡಳು ಹಲ್ಲಕ್ಕ.

ಮೇಷ್ಟ್ರು ಪುಸ್ತಕವನ್ನು ಕೆಂಪು ಪೆನ್ಸಿಲು ಹಿಡಿದು ಮೊದಲಿನಿಂದ ಕೊನೆಯವರೆಗೆ ಓದಿದರು. ನಲವತ್ತೇಳು ಭೂಗೋಳದ ತಪ್ಪುಗಳು ಸಿಕ್ಕಿದವು. ಪುಟಸಂಖ್ಯೆ ಸಮೇತ ಪಟ್ಟಿ ಮಾಡಿ ಬೆಟ್ಟದ ಬಂಗಲೆಗೆ ಅಂಚೆಗೆ ಹಾಕಿದರು. ನಾಲ್ಕೇ ದಿನಕ್ಕೆ ಉತ್ತರ ಬಂತು. ನಲವತ್ತಾರನ್ನು ಒಪ್ಪಿದ್ದೇನೆ, ಕೃತಜ್ಞ. ಆದರೆ ಈ ಬೆಟ್ಟದ ಎತ್ತರ ಮಾತ್ರ ನಾನು ಬರೆದದ್ದೇ ಸರಿ, ಏಕೆಂದರೆ ನಾನು ಇದರ ಮೇಲೆಯೇ ವಾಸಿಸುತ್ತೇನೆ ಎಂದು.

ಮೇಷ್ಟ್ರು ಪತ್ರವನ್ನು ಎರಡು ಸಲ ಓದಿದರು. "ವಾಸಿಸ್ತಾನಂತೆ! ವಾಸಿಸಿದರೆ ಎತ್ತರ ಗೊತ್ತಾಗುತ್ತಾ?" ಎಂದು ಎದ್ದು, ಅಟ್ಟದಿಂದ ಶಾಲೆಯ ಕಾಲದ ನಕ್ಷೆಗಳ ಸುರುಳಿಯನ್ನೆಲ್ಲ ಇಳಿಸಿದರು. ಉತ್ತರ ಬರೆಯಲು ಕೂತವರನ್ನು ಊಟಕ್ಕೆ ಎಬ್ಬಿಸಲು ಹಲ್ಲಕ್ಕ ಮೂರು ಸಲ ಕೂಗಬೇಕಾಯಿತು.